ಚಿಪ್ಪಿನೊಳಗಿನ ಬೇಸಿಗೆ

ಮಾಲವಣ
8 ಜುಲೈ 2024

ಪೂಜ್ಯ ಅತ್ತೆಯವರಿಗೆ,

ನಾನು ಕನ್ನಡದಲ್ಲಿ ಬರೆಯುತ್ತಿರುವ ಮೊದಲ ಪತ್ರ ಇದು! ಕಾನ್ವೆಂಟಿನಲ್ಲಿ ಓದುವಾಗ ರಜಾ ಅರ್ಜಿ ಬಿಟ್ಟರೆ ಇನ್ನೇನೂ ಬರೆದವಳಲ್ಲ, ಅದೂ ಇಂಗ್ಲಿಷಿನಲ್ಲಿ. ಹಾಗಾಗಿ ಮೊದಲು ನೋಟ್‌ಬುಕ್ಕಿನಲ್ಲಿ ಕರಡು ಬರೆದು, ನಿಮ್ಮ ಮಗನಿಂದ ತಿದ್ದಿಸಿ, ಆಮೇಲೆ ನಕಲು ಮಾಡುತ್ತಿದ್ದೇನೆ. ಮದುವೆಯ ಮಾರನೇ ದಿನ ನೀವು ನನ್ನ ಕೈಹಿಡಿದು, “ನನಗ ಕಿವಿ ಮಂದ ಐತವ್ವ, ಫೋನಿನಾಗ ಬರೀ ಗುಂಯ್ ಅಂತೈತಿ. ಏನಾರ ಹೇಳೂದಿದ್ರ ಬರದು ಕಳಸು” ಎಂದಿರಲ್ಲ, ಆಗಲೇ ತೀರ್ಮಾನಿಸಿದ್ದೆ.

ನಾವಿಬ್ಬರೂ ಚೆನ್ನಾಗಿದ್ದೇವೆ. ಬ್ಯಾಂಕಿನವರು ಕೊಟ್ಟ ಮನೆಯ ಅಡುಗೆಮನೆ ಎಷ್ಟು ಚಿಕ್ಕದೆಂದರೆ, ಒಬ್ಬರು ಸಾರು ಕಲಕುವಾಗ ಇನ್ನೊಬ್ಬರು ಉಸಿರು ಬಿಗಿಹಿಡಿದು ನಿಲ್ಲಬೇಕು. ನಮಗೆ ಅದೂ ಇಷ್ಟ. (ಈ ಸಾಲು ಕರಡಿನಲ್ಲಿ ಇರಲಿಲ್ಲ. ಇದ್ದಿದ್ದರೆ ವಿನೋದ್ ಹೊಡೆದುಹಾಕುತ್ತಿದ್ದರು.)

ಈಗ ಮುಖ್ಯ ವಿಷಯ. ನಿನ್ನೆ ಮಳೆ ಬಿಟ್ಟಾಗ ಸಮುದ್ರದ ಕಡೆ ಹೋಗಿದ್ದೆವು. ಮೀನು ಇಳಿಸುವ ಕಟ್ಟೆಯ ಹಿಂದೆ ಒಂದು ದೊಡ್ಡ ಕರಿಬಂಡೆ ಇದೆ. ಅದರ ಮೇಲೆ ಯಾರೋ ನೆನೆದ ರೇಷ್ಮೆ ಸೀರೆ ಹರಿದು ಅಂಟಿಸಿದ ಹಾಗೆ ಕಾಣಿಸಿತು. ನಸುಗೆಂಪೂ ಅಲ್ಲ, ನೇರಳೆಯೂ ಅಲ್ಲ, ಕಳಿತ ನೇರಳೆಹಣ್ಣು ತಿಂದವರ ನಾಲಿಗೆಯ ಬಣ್ಣ. ಓಡಿದೆ. ಮೀನು ಮಾರುವ ಮಾವಶಿ ಒಬ್ಬರು ಮರಾಠಿಯಲ್ಲಿ ಏನೋ ಕೂಗಿದರು. ಅರ್ಥವಾಗುವಷ್ಟರಲ್ಲಿ ಧಡಕ್ಕನೆ ಜಾರಿ ಕೂತಿದ್ದೆ. “ಹೋದ ವರ್ಷ ನನ್ನ ಬುಟ್ಟಿಯೂ ಇಲ್ಲೇ ಬಿದ್ದಿತ್ತು, ಇದು ಮಳೆಗಾಲದ ಪೀಡೆ” ಎಂದು ಅವರು ನಕ್ಕರು.

ಅತ್ತೆ, ಅದು ಪೀಡೆಯಲ್ಲ, ಪೋರ್ಫೈರಾ! ಕೆಂಪು ಕಡಲಪಾಚಿ. ಎಂ.ಎಸ್ಸಿಯಲ್ಲಿ ಪುಸ್ತಕದ ಚಿತ್ರದಲ್ಲಿ ಮಾತ್ರ ನೋಡಿದ್ದೆ. ಅದಕ್ಕೆ ಬೇರಿಲ್ಲ, ಕಾಂಡವಿಲ್ಲ, ಹೂವಿಲ್ಲ. ಸಾಸಿವೆಯಷ್ಟು ಹಿಡಿತದಿಂದ ಬಂಡೆಗೆ ಕಚ್ಚಿಕೊಂಡಿರುತ್ತದೆ. ಉಳಿದದ್ದೆಲ್ಲ ಒಂದೇ ಒಂದು ಎಲೆ. ಆ ಎಲೆಯ ದಪ್ಪ ಎಷ್ಟು ಗೊತ್ತೇ? ಒಂದೇ ಒಂದು ಜೀವಕೋಶ! ಈರುಳ್ಳಿಯ ಒಳಪೊರೆಗಿಂತ ತೆಳು. ಅಂಥದ್ದು ಮಳೆಗಾಲದ ಅಲೆ ಹೊಡೆಯುವ ಕಡೆಯೇ ಬೆಳೆಯುತ್ತದೆ. ನೀರು ಇಳಿದು ಬಿಸಿಲು ಬಿದ್ದರೆ ಒಣಗಿ ಕರಿಕಾಗದವಾಗಿ ಬಂಡೆಗೆ ಮೆತ್ತಿಕೊಳ್ಳುತ್ತದೆ. ಸತ್ತೇಹೋಯಿತು ಅನ್ನಬೇಕು, ಹಾಗೆ. ಒಂದು ಅಲೆ ಬರಲಿ, ಕ್ಷಣದಲ್ಲಿ ಮತ್ತೆ ರೇಷ್ಮೆ. ಜಪಾನಿನವರು ಅನ್ನವನ್ನು ಸುತ್ತಿ ತಿನ್ನುವ ಕಪ್ಪು ಹಾಳೆ ಇದರ ಅಕ್ಕತಂಗಿಯರದ್ದೇ.

ಇಲ್ಲಿಯ ಕಾಲೇಜಿನ ಸಸ್ಯಶಾಸ್ತ್ರದ ಮೇಡಂ ನನ್ನನ್ನು ಲ್ಯಾಬಿಗೆ ಬಂದು ಕೆಲಸ ಮಾಡು ಎಂದಿದ್ದಾರೆ. ನನಗೆ ಖುಷಿಯಿಂದ ತಲೆ ತಿರುಗುತ್ತಿದೆ!

ನಿಮ್ಮ ಸೊಸೆ,
ಪ್ರತಿಭಾ


ಶಿರಸಿ
19 ಜುಲೈ 2024

ಪ್ರತಿಭಾ,

ನಿನ್ನ ಕಾಗದ ಮುಟ್ಟೈತಿ. ಗಿರಾಕಿ ಇಲ್ಲದಾಗ ಅಂಗಡ್ಯಾಗ ಕುಂತು ಎರಡು ಸಲ ಓದಿದೆ. ನಿಮ್ಮ ಮಾವ ಏನಂತ ಕೇಳಿದ್ರು. “ಸೊಸಿ ಪಾಚಿ ಮ್ಯಾಲೆ ಜಾರಿಬಿದ್ದಾಳ, ಬಿದ್ದದ್ದಕ್ಕ ಖುಷಿ ಆಗೇತಂತ” ಅಂದೆ. ಅವರು ಪೇಪರ್ ಮಡಚಿಟ್ಟು, “ಔಷಧ ಏನಾರ ತಗೊಂಡ್ಲೇನು?” ಅಂದ್ರು.

ನಾ ಬನವಾಸಿ ಕಡೆಯಾಕಿ, ಸಮುದ್ರ ನೋಡಿದ್ದು ಜೀವಮಾನದಾಗ ಒಂದು ಸಲ. ನಮ್ಮಲ್ಲಿ ಪಾಚಿ ಅಂದ್ರ ಹಂಡೇದೊಳಗ ಕಟ್ಟಿದ್ದು, ತಿಕ್ಕಿ ತಗೀಬೇಕು. ಮೂವತ್ತು ವರ್ಷ ಆತು ಈ ಪಾತ್ರಿ ಅಂಗಡ್ಯಾಗ ಕುಂತು, ಹೊಳಿಯದ ಪಾತ್ರಿ ಹೊಸ್ತಿಲ ದಾಟಾಕ ಬಿಟ್ಟಿಲ್ಲ. ಹುಲೇಕಲ್ಲಿನವರು ಅಜ್ಜನ ಕಾಲದ ಕಪ್ಪು ಚೆರಗಿ ತಂದು ಕೊಡತಾರ, ನಮ್ಮ ಕಲ್ಲವ್ವ ಹುಣಸಿಹಣ್ಣು ಹಚ್ಚಿ ತಿಕ್ಕಿದಳಂದ್ರ ಅದನ್ನ ನೋಡಿ ಅವರಿಗೇ ಗುರುತು ಹತ್ತಂಗಿಲ್ಲ.

ಅಡಗಿಮನಿ ಸಣ್ಣದು ಅಂತ ಬರದೀ. ಪಾತ್ರಿ ಏನು ಇಟ್ಟೀರಿ? ಗಾಜು, ಪ್ಲಾಸ್ಟಿಕ್ ತುಂಬಿರಬೇಕು. ಗಾಜು ಅನ್ನೋದು ಪಾತ್ರಿ ಅಲ್ಲ, ಒಡಿಯೂದಕ್ಕ ಮಾಡಿದ ಸಾಮಾನು. ಎರಡು ತಾಮ್ರದ ತಂಬಗಿ ಕಳಸತೀನಿ.

ಲ್ಯಾಬಿನ ಕೆಲಸ ಅಂದ್ರ ಪಗಾರದ ಕೆಲಸಾನ?

ದಾಕ್ಷಾಯಿಣಿ


ಮಾಲವಣ
29 ಸೆಪ್ಟೆಂಬರ್ 2024

ಪ್ರೀತಿಯ ಅತ್ತೆ,

ತಂಬಿಗೆ ಬಂದವು! ಎಷ್ಟು ಹೊಳೆಯುತ್ತವೆಂದರೆ ವಿನೋದ್ ಅದರಲ್ಲಿ ಮುಖ ನೋಡಿಕೊಂಡೇ ಬ್ಯಾಂಕಿಗೆ ಹೋಗುತ್ತಾರೆ.

ಬಂಡೆ ಖಾಲಿಯಾಗುತ್ತಿದೆ ಅತ್ತೆ. ಮೊದಲ ಸಲ ನೋಡಿ ಗಾಬರಿಯಾದೆ. ಎಲೆಗಳನ್ನು ಯಾರೋ ಅಂಚಿನಿಂದ ಕಚ್ಚಿ ತಿಂದ ಹಾಗಿತ್ತು. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಬೇರೆಯೇ ಕಥೆ. ಎಲೆಯ ಅಂಚಿನಲ್ಲಿ ಕೆನೆಬಣ್ಣದ ಪಟ್ಟಿ ಗಂಡು, ಕಡುಗೆಂಪು ತೇಪೆಗಳು ಹೆಣ್ಣು. ಎರಡೂ ಒಂದೇ ಎಲೆಯಲ್ಲಿ, ಅಕ್ಕಪಕ್ಕ. (ನಮ್ಮ ಅಡುಗೆಮನೆ ನೆನಪಾಯಿತು.) ಅವು ಕೂಡಿ ಬೀಜಕಣಗಳಾದ ಮೇಲೆ ಅಂಚು ತಾನಾಗಿ ಕರಗಿ ಅವುಗಳನ್ನು ನೀರಿಗೆ ಬಿಡುತ್ತದೆ. ಹೀಗೆ ಕೊಟ್ಟು ಕೊಟ್ಟು, ಕೊನೆಗೆ ಎಲೆಯೇ ಇಲ್ಲ. ಯಾರೂ ತಿಂದದ್ದಲ್ಲ, ತಾನೇ ತನ್ನನ್ನು ಹಂಚಿದ್ದು!

ಆ ಕಣಗಳಿಗೆ ಈಜು ಬರುವುದಿಲ್ಲ. ಬೇರೆ ಪಾಚಿಗಳ ಕಣಗಳಿಗೆ ಪುಟ್ಟ ಬಾಲ ಇರುತ್ತದೆ, ಕೆಂಪು ಜಾತಿಗೆ ಅದಿಲ್ಲ. ನೀರು ಒಯ್ದ ಕಡೆ ಹೋಗಬೇಕು. ಮತ್ತೆ ಮಳೆಗಾಲದ ತನಕ ಇದು ಎಲ್ಲಿ ಇರುತ್ತದೆ? ಜಪಾನಿನ ರೈತರು ನೂರಾರು ವರ್ಷ ಇದನ್ನು ಬೆಳೆದರೂ ಅವರಿಗೆ ಅದು ತಿಳಿದಿರಲಿಲ್ಲ. ಬಂದ ವರ್ಷ ಬಂತು, ಬರದ ವರ್ಷ ಇಲ್ಲ. ಕಂಡುಹಿಡಿದವಳು ಇಂಗ್ಲೆಂಡಿನ ಒಬ್ಬ ಹೆಂಗಸು. ಮದುವೆಯಾದಳು ಎಂಬ ಕಾರಣಕ್ಕೆ ವಿಶ್ವವಿದ್ಯಾಲಯದವರು ಅವಳನ್ನು ಕೆಲಸದಿಂದ ತೆಗೆದಿದ್ದರಂತೆ. ಆಮೇಲೂ ಅವಳು ಸಂಬಳವಿಲ್ಲದೆ ಅದೇ ಲ್ಯಾಬಿಗೆ ಹೋಗುತ್ತಿದ್ದಳು. ಅವಳು ಕಂಡದ್ದು ಏನು ಗೊತ್ತೇ? ಆ ಕಣ ಸತ್ತ ಚಿಪ್ಪೊಂದರ ಮೇಲೆ ಕೂತು, ಅದನ್ನು ಕೊರೆದು ಒಳಗೆ ಇಳಿದು, ನೂಲಿನಂತೆ ಹಬ್ಬಿ ಬೇಸಿಗೆ ಕಳೆಯುತ್ತದೆ. ಹೊರಗಿನಿಂದ ಬರೀ ಗುಲಾಬಿ ಕಲೆ. ಎಲೆಯನ್ನೂ ಕಲೆಯನ್ನೂ ಪಕ್ಕಪಕ್ಕ ಇಟ್ಟರೂ ಯಾರೂ ಒಂದೇ ಜೀವ ಎನ್ನಲಾರರು. ವಿಜ್ಞಾನಿಗಳೇ ಎರಡಕ್ಕೂ ಬೇರೆ ಬೇರೆ ಹೆಸರಿಟ್ಟಿದ್ದರು!

ನಾನೂ ಹಾಗೇ ಮಾಡಿದ್ದೇನೆ. ನಮ್ಮ ಬಂಡೆಯ ಕೊನೆಯ ಎಲೆಗಳನ್ನು ತಂದು, ಟ್ರೇಯಲ್ಲಿ ತೊಳೆದ ಚಿಪ್ಪು ಹರಡಿ, ಅವುಗಳ ಮೇಲೆ ಕಣಗಳ ನೀರು ಸುರಿದಿದ್ದೇನೆ. ಈಗ ಕಾಯುವುದು.

ನಿಮ್ಮ
ಪ್ರತಿಭಾ


ಶಿರಸಿ
14 ಅಕ್ಟೋಬರ್ 2024

ಪ್ರತಿಭಾ,

ಲಗ್ನ ಆದಾಕಿ ಅಂತ ಕೆಲಸದಿಂದ ತಗದ್ರಂತ? ಸೋಜಿಗ. ನಮ್ಮ ಕಡೆ ಲಗ್ನ ಆದ ಮ್ಯಾಲೇ ಕೆಲಸ ಚಾಲೂ ಆಗೂದು.

ಆ ಹೆಂಗಸಿನ ಕತಿ ಕಲ್ಲವ್ವಗ ಓದಿ ಹೇಳಿದೆ. ಹಂಡೆ ತಿಕ್ಕೂದು ಬಿಟ್ಟು ಕುಂತಳು. “ಪಗಾರ ಇಲ್ಲದ ದಿನಾ ಹೋಗತಿದ್ಲಂದ್ರ ಆಕಿಗೆ ಅದರಾಗ ಜೀವ ಇತ್ತು ಬಿಡ್ರಿ” ಅಂದಳು. ನಾ ಹೋದ ಕಾಗದದಾಗ ನಿನ್ನ ಪಗಾರ ಕೇಳಿದ್ದೆ. ನೀ ಆ ಹೆಂಗಸಿನ ಪಗಾರದ ಸುದ್ದಿ ಬರದೀ. ತಿಳೀತು. ಮತ್ತ ಕೇಳಂಗಿಲ್ಲ.

ಚಿಪ್ಪಿಗೆ ಬಣ್ಣ ಬಂದ್ರ ಬರಿ.

ದಾಕ್ಷಾಯಿಣಿ


ಮಾಲವಣ
12 ಜನವರಿ 2025

ಪ್ರೀತಿಯ ಅತ್ತೆ,

ಬಣ್ಣ ಬಂತು! ಮೊದಲು ಸೂಜಿಮೊನೆಯಷ್ಟು ಚುಕ್ಕೆ, ಆಮೇಲೆ ಮೆಂತ್ಯಕಾಳಿನಷ್ಟು, ಈಗ ಚುಕ್ಕೆಗಳು ಒಂದಕ್ಕೊಂದು ಕೈಚಾಚಿ ಇಡೀ ಚಿಪ್ಪು ಗುಲಾಬಿಯಾಗಿದೆ. ದಿನಾ ಬೆಳಿಗ್ಗೆ ಲ್ಯಾಬಿಗೆ ಹೋಗಿ ಅವಕ್ಕೆ ಗುಡ್ ಮಾರ್ನಿಂಗ್ ಹೇಳುತ್ತೇನೆ. ಮೇಡಂ ನಗುತ್ತಾರೆ.

ಇನ್ನೊಂದು ಸುದ್ದಿ ಚೆನ್ನಾಗಿಲ್ಲ. ಹೊಸ ಜೆಟ್ಟಿ ಕಟ್ಟುವವರು ಬಂದು ನಮ್ಮ ಕರಿಬಂಡೆಯ ಮೇಲೆ ಲಾರಿಗಟ್ಟಲೆ ಕಲ್ಲು ಸುರಿದಿದ್ದಾರೆ. ಬಂಡೆ ಇತ್ತು ಅನ್ನುವ ಗುರುತೂ ಇಲ್ಲ. ಈ ತೀರದಲ್ಲಿ ನಾನು ಹುಡುಕಿದ ಮಟ್ಟಿಗೆ ಬೇರೆ ಯಾವ ಕಲ್ಲಿನ ಮೇಲೂ ಅದು ಇರಲಿಲ್ಲ. ಹಾಗಾದರೆ ಆ ಬಂಡೆಯದ್ದು ಅಂತ ಉಳಿದಿರುವುದು ನನ್ನ ಟ್ರೇಯ ಚಿಪ್ಪುಗಳಲ್ಲಿರುವುದು ಮಾತ್ರ. ಮಳೆಗಾಲದ ತನಕ ಇವು ಬದುಕಿದರೆ ಹೊಸ ಕಲ್ಲಿನ ಮೇಲೆ ಬಿಡಬಹುದು. ಇಲ್ಲವಾದರೆ ಇಲ್ಲ.

ಏಪ್ರಿಲ್‌ನಲ್ಲಿ ಕಾಲೇಜಿಗೆ ರಜೆ, ಇಲ್ಲಿ ಸೆಕೆಯೋ ಸೆಕೆ. ಚಿಪ್ಪಿಗೆ ತಂಪು ಬೇಕು, ಮಬ್ಬು ಬೆಳಕು ಬೇಕು. ಅಂಗಡಿಯ ಹಿಂದೆ ನಿಮ್ಮ ಉಗ್ರಾಣ ಇದೆಯಲ್ಲ, ಹಂಡೆಗಳ ಮರೆಯಲ್ಲಿ, ಒಂದೇ ಕಿಟಕಿ ಇರುವುದು. ಚಿಪ್ಪುಗಳಲ್ಲಿ ಅರ್ಧದಷ್ಟನ್ನು ಯುಗಾದಿಗೆ ಬರುವಾಗ ತಂದು ಅಲ್ಲಿ ಇಡಲೇ? ಬೇಡ ಎಂದರೆ ಬೇಜಾರಿಲ್ಲ. (ಸ್ವಲ್ಪ ಇದೆ.)

ನಿಮ್ಮ
ಪ್ರತಿಭಾ


ಶಿರಸಿ
21 ಜನವರಿ 2025

ಪ್ರತಿಭಾ,

ಕೇಳೂದೇನೈತಿ, ತಗೊಂಡು ಬಾ. ಹಂಡೆ ಸರಿಸಿ ಜಾಗ ಮಾಡಿಸೀನಿ.

ದಾಕ್ಷಾಯಿಣಿ


ಮಾಲವಣ
6 ಏಪ್ರಿಲ್ 2025

ಪ್ರೀತಿಯ ಅತ್ತೆ,

ಯುಗಾದಿಯ ಹೋಳಿಗೆ ಇನ್ನೂ ಬಾಯಲ್ಲಿದೆ. ಅವಸರದಲ್ಲಿ ಬಸ್ಸು ಹತ್ತುವಾಗ ಅರ್ಧ ಹೇಳಿದೆ, ಅರ್ಧ ಬಿಟ್ಟೆ. ಈಗ ಪೂರ್ತಿ ಬರೆಯುತ್ತೇನೆ.

ಇಪ್ಪತ್ನಾಲ್ಕು ಚಿಪ್ಪುಗಳಿವೆ. ಸದ್ಯ ಪ್ರಯಾಣಕ್ಕೆಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿದ್ದೇನೆ, ಅದರಲ್ಲಿ ಇಕ್ಕಟ್ಟು. ಅಗಲವಾದ ಪಾತ್ರೆಗೆ ಬದಲಾಯಿಸಿ, ಗುಲಾಬಿ ಕಡೆ ಮೇಲೆ ಬರುವಂತೆ ಇಡಿ. ಪಾತ್ರೆ ಯಾವುದಾದರೂ ಸರಿ, ಪಾತ್ರೆಯ ವಿಷಯ ನಿಮಗೆ ನಾನು ಹೇಳುವುದೇ! ವಾರಕ್ಕೊಮ್ಮೆ ನಾನು ತಂದಿಟ್ಟ ಕ್ಯಾನಿನ ಸಮುದ್ರದ ನೀರು ಹೊಸದಾಗಿ ಹಾಕಿ. ಬಿಸಿಲು ನೇರ ಬೀಳದಿರಲಿ. ಚಿಪ್ಪನ್ನು ತಿಕ್ಕಬೇಡಿ! ಕಲ್ಲವ್ವನ ಕೈಗಂತೂ ಕೊಡಲೇಬೇಡಿ. ಅವಳು ಅದನ್ನು ನೋಡಿದ ರೀತಿ ನೋಡಿ ನನಗೆ ಭಯವಾಯಿತು.

ನನ್ನ ಪಾಲಿನ ಚಿಪ್ಪುಗಳು ಲ್ಯಾಬಿನ ಕೂಲರಿನಲ್ಲಿವೆ. ವಾರಕ್ಕೊಂದು ದಿನ ಹೋಗಿ ನೋಡಲು ಮೇಡಂ ಬೀಗದ ಕೈ ಕೊಟ್ಟಿದ್ದಾರೆ.

ನಿಮ್ಮ
ಪ್ರತಿಭಾ


ಶಿರಸಿ
15 ಏಪ್ರಿಲ್ 2025

ಪ್ರತಿಭಾ,

ನಿನ್ನ ಮಕ್ಕಳು ಆರಾಮ ಅದಾವ. ನೀ ಬರದಂಗ ಅಗಲ ಪಾತ್ರ್ಯಾಗ ಇಟ್ಟೀನಿ, ಅಂಗಡ್ಯಾಗಿನ ಚಲೋ ಪಾತ್ರಿ. ಕಲ್ಲವ್ವಗ ದೂರದಿಂದ ಮಾತ್ರ ತೋರಿಸೀನಿ, ಆಕಿ ಕೈ ಕಟಕೊಂಡು ನಿಂತು ನೋಡಿದಳು. ದಿನಾ ಅಂಗಡಿ ತಗದ ಕೂಡಲೇ ಒಂದು ಸಲ ಒಳಗ ಹೋಗಿ ನೋಡಿ ಬರತೀನಿ.

ನೀರು ತುಸು ಹಸಿರು ಬಂದೈತಿ. ಚಿಗುರಾಕ ಹತ್ತಿದಂಗ ಕಾಣಸ್ತೈತಿ. ಖುಷಿ ಆತು.

ದಾಕ್ಷಾಯಿಣಿ


ಮಾಲವಣ
25 ಏಪ್ರಿಲ್ 2025

ಪ್ರೀತಿಯ ಅತ್ತೆ,

ಹಸಿರು ಬಂದರೆ ಹೆದರಬೇಡಿ. ಕರೆಯದೆ ಬರುವ ಬೇರೆ ಪಾಚಿ ಅದು, ನನ್ನ ಟ್ರೇಯಲ್ಲೂ ಬರುತ್ತದೆ. ನೀರು ಬದಲಿಸಿದರೆ ಹೋಗುತ್ತದೆ. ನೀವು ಅದನ್ನೂ ಚಿಗುರು ಎಂದು ಖುಷಿಪಟ್ಟಿರಲ್ಲ, ಓದಿ ವಿನೋದ್‌ಗೆ ಮೂರು ಸಲ ಹೇಳಿದೆ. “ನಮ್ಮವ್ವ ನನ್ನ ಪರೀಕ್ಷೆಯ ಫಲಿತಾಂಶಕ್ಕೂ ಇಷ್ಟು ಖುಷಿಪಟ್ಟಿರಲಿಲ್ಲ” ಎಂದರು.

ಮಾವನ ಫೋನಿನಲ್ಲಿ ಒಂದು ಫೋಟೋ ಕಳಿಸಲು ಹೇಳುತ್ತೀರಾ? ಗುಲಾಬಿ ಈಗ ಕಡುವಾಗಿರಬೇಕು. ಒಳಗೆ ನೂಲುಗಳು ದಪ್ಪಗಾಗಿ, ಮಳೆ ಬಂದು ನೀರು ತಣ್ಣಗಾಗುವುದನ್ನೇ ಕಾಯುತ್ತಿರುತ್ತವೆ.

ನಿಮ್ಮ
ಪ್ರತಿಭಾ


ಶಿರಸಿ
8 ಮೇ 2025

ಪ್ರತಿಭಾ,

ಇಲ್ಲಿ ಲಗ್ನದ ಗದ್ದಲ. ನಂದೊಳ್ಳಿಯವರು ಮಗಳಿಗೆ ಪಾತ್ರಿ ತಗೊಳ್ಳಾಕ ಹನ್ನೊಂದು ಮಂದಿ ಬಂದಿದ್ರು. ಒಬ್ಬರಿಗೆ ಹಿತ್ತಾಳಿ ಬೇಕು, ಒಬ್ಬರಿಗೆ ಸ್ಟೀಲು, ಹುಡುಗಿಗೆ ಏನೂ ಬ್ಯಾಡ, ಫೋನ್ ನೋಡಕೋತ ನಿಂತಿತ್ತು. ನಿಮ್ಮ ಮಾವನ ಫೋನು ಕೆಟ್ಟೈತಿ, ಫೋಟೋ ಬರಂಗಿಲ್ಲ.

ಬಿಸಿಲಾಗ ಅಡ್ಡಾಡಬ್ಯಾಡ. ಮಜ್ಜಿಗಿ ಕುಡಿ.

ದಾಕ್ಷಾಯಿಣಿ


ಮಾಲವಣ
21 ಮೇ 2025

ಪ್ರೀತಿಯ ಅತ್ತೆ,

ಹೇಗೆ ಬರೆಯಲಿ ಗೊತ್ತಾಗುತ್ತಿಲ್ಲ. ಕರಡು ಬರೆಯದೆ ನೇರವಾಗಿ ಬರೆಯುತ್ತಿದ್ದೇನೆ. ಕಾಲೇಜಿನ ಟ್ರಾನ್ಸ್‌ಫಾರ್ಮರ್ ಸುಟ್ಟು ಐದು ದಿನ ಕರೆಂಟ್ ಇರಲಿಲ್ಲವಂತೆ. ರಜೆಯಲ್ಲಿ ಯಾರಿಗೂ ತಿಳಿದಿಲ್ಲ. ನಿನ್ನೆ ನಾನು ಬೀಗ ತೆಗೆದಾಗ ಕೂಲರಿನ ಒಳಗೆ ಬೇಯಿಸಿದ ವಾಸನೆ. ನನ್ನ ಚಿಪ್ಪುಗಳೆಲ್ಲ ಬಿಳಿ. ಒಂದೂ ಉಳಿದಿಲ್ಲ.

ಲ್ಯಾಬಿನ ನೆಲದ ಮೇಲೆ ಕೂತು ಬಹಳ ಹೊತ್ತು ಅತ್ತುಬಿಟ್ಟೆ. ಆಮೇಲೆ ನಿಮ್ಮ ಉಗ್ರಾಣ ನೆನಪಾಯಿತು, ಎದ್ದು ಮುಖ ತೊಳೆದುಕೊಂಡೆ. ನಿಮ್ಮ ಹತ್ತಿರ ಇಪ್ಪತ್ನಾಲ್ಕು ಇವೆ! ನಾನು ನಿಮ್ಮನ್ನು ಕೇಳದೇ ಇದ್ದಿದ್ದರೆ? ಆ ಬಂಡೆಯದ್ದು ಈಗ ಜಗತ್ತಿನಲ್ಲಿ ಎಲ್ಲಾದರೂ ಇದ್ದರೆ ಅದು ಶಿರಸಿಯ ಪಾತ್ರೆ ಅಂಗಡಿಯಲ್ಲಿ, ನಿಮ್ಮ ಕೈಯಲ್ಲಿ. ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು.

ಮಾವನಿಗೆ ಫೋನ್ ಮಾಡಿದ್ದೆ. “ಚಲೋ ಅದಾವವ್ವ, ಚಲೋ ಅದಾವ” ಎಂದು ತಕ್ಷಣ ಇಟ್ಟುಬಿಟ್ಟರು. ಫೋನು ಸರಿಯಾಯಿತು ಅಂತ ಕಾಣುತ್ತದೆ. ಆ ಎರಡು ಮಾತಿನಿಂದಲೇ ನನಗೆ ನಿದ್ದೆ ಬಂತು.

ನಿಮ್ಮ
ಪ್ರತಿಭಾ


ಮಾಲವಣ
9 ಜೂನ್ 2025

ಪ್ರೀತಿಯ ಅತ್ತೆ,

ನನ್ನ ಪತ್ರ ಮುಟ್ಟಲಿಲ್ಲವೇ? ಮಳೆ ಹಿಡಿದಿದೆ, ಸಮುದ್ರ ತಣ್ಣಗಾಗುತ್ತಿದೆ. ನಿಮಗೆ ಹುಷಾರಿಲ್ಲವೇ ಎಂದು ಚಿಂತೆ. ಚಿಪ್ಪಿನ ವಿಷಯ ಆಮೇಲೆ, ಮೊದಲು ನೀವು ಹೇಗಿದ್ದೀರಿ ಬರೆಯಿರಿ.

ಪ್ರತಿಭಾ


ಶಿರಸಿ
16 ಜೂನ್ 2025

ಪ್ರತಿಭಾ,

ನಾ ಆರಾಮ ಅದೀನಿ. ನಿನ್ನ ಕಾಗದ ಮುಟ್ಟೈತಿ. ಉತ್ತರ ನಾಕು ಸಲ ಬರದು ನಾಕು ಸಲ ಹರದೀನಿ.

ಚಿಪ್ಪು ಸತ್ತಾವ. ಕೊಂದಾಕಿ ನಾನ.

ನೀ ಪ್ಲಾಸ್ಟಿಕ್ ಡಬ್ಯಾಗ ತಂದಿದ್ದು ನೋಡಿ ನನಗ ಸಮಾಧಾನ ಆಗಲಿಲ್ಲ. ಸಮುದ್ರದ ನೀರು ಅಂದ್ರ ತೀರ್ಥ. ಸೊಸಿ ತಿಂಗಳಗಟ್ಟಲೆ ಜೋಪಾನ ಮಾಡಿದ ಜೀವ. ಅಂಥಾದ್ದನ್ನ ಪ್ಲಾಸ್ಟಿಕ್ಕಿನಾಗ ಇಡೂದೇನು ಅಂತ ಅಂಗಡ್ಯಾಗಿನ ಭಾರೀ ತಾಮ್ರದ ಬೋಗುಣಿ ಎರಡು ಇಳಿಸಿದೆ. ಕಲ್ಲವ್ವನ ಕೈಲಿ ಬೋಗುಣಿ ಥಳಥಳ ತಿಕ್ಕಿಸಿ ಅದರಾಗ ಇಟ್ಟೆ. ಕಲಾಯಿ ಇಲ್ಲದ ಬರೀ ತಾಮ್ರ. ಗುಲಾಬಿ ಚಿಪ್ಪು ಕೆಂಪು ತಾಮ್ರದಾಗ ಎಷ್ಟು ಚಂದ ಕಾಣತಿದ್ದವು ಅಂದ್ರ ನಿಮ್ಮ ಮಾವನ್ನ ಎಬ್ಬಿಸಿ ಕರಕೊಂಡು ಹೋಗಿ ತೋರಿಸಿದೆ.

ಹಸಿರು ಬಂತು ಅಂತ ಬರದಿದ್ನಲ್ಲ, ಅದು ಚಿಗುರಲ್ಲ, ನೀ ಅಂದಂಗ ಬ್ಯಾರೆ ಪಾಚಿನೂ ಅಲ್ಲ. ಕಿಲುಬು. ಉಪ್ಪು ತಾಮ್ರಕ್ಕ ಹತ್ತಿದ್ರ ಕಿಲುಬು ಬರತೈತಿ ಅಂತ ಈ ಪ್ಯಾಟ್ಯಾಗ ನನಕಿಂತ ಚಲೋ ತಿಳಿದವರು ಯಾರೂ ಇಲ್ಲ. “ಉಪ್ಪಿನಕಾಯಿ ತಾಮ್ರದಾಗ ಹಾಕಬ್ಯಾಡ್ರಿ” ಅಂತ ಮೂವತ್ತು ವರ್ಷ ಒಬ್ಬೊಬ್ಬ ಗಿರಾಕಿಗೂ ಹೇಳಿದಾಕಿ. ನನಗ ಅದು ತೀರ್ಥ ಅಂತ ನೆನಪಿತ್ತು, ಉಪ್ಪು ಅಂತ ನೆನಪಾಗಲಿಲ್ಲ. ನಿನ್ನ ಕಾಗದ ನೋಡಿ ನೀರು ಬದಲಿಸಿದೆ. ಮತ್ತ ಅದೇ ಬೋಗುಣಿಗೆ. ಮೇ ತಿಂಗಳು ಹುಟ್ಟೂದ್ರಾಗ ಎಲ್ಲಾ ಬೂದಿ ಬಣ್ಣ.

ಫೋನ್ ಕೆಟ್ಟೈತಿ ಅಂದದ್ದು ಸುಳ್ಳು. ನಿಮ್ಮ ಮಾವನ ಬಾಯಿ ನಾನ ಮುಚ್ಚಿಸಿದ್ದೆ. ನಿನ್ನ ಪಾಲಿನವು ಅಲ್ಲಿ ಅದಾವಲ್ಲ, ಹೆಂಗರ ಆದೀತು ಅಂತ ಧೈರ್ಯ ಇತ್ತು. ಅವೂ ಹೋದವು ಅಂತ ನೀ ಬರದ ಕಾಗದ ಮುಟ್ಟಿದ ದಿನ ಅಂಗಡಿ ತಗೀಲಿಲ್ಲ.

ಇನ್ನೊಂದು ಮಾತು ಐತಿ. ಇದೂ ನಾಚಿಕಿ ಮಾತ. ಬೋಗುಣ್ಯಾಗ ಇಟ್ಟಿದ್ದು ಇಪ್ಪತ್ನಾಕಲ್ಲ, ಇಪ್ಪತ್ಮೂರು. ಒಂದು ನಾ ಕದ್ದೆ. ಹಸಗೂಸಿನ ಅಂಗಾಲಿನಂಗ ಇತ್ತು ಅದು, ಅಷ್ಟ ಬಣ್ಣ, ಅಷ್ಟ ಅಳತಿ. ಒಂದಾರ ನನ್ನ ಕಣ್ಣ ಮುಂದ ಇರಲಿ ಅಂತ ಅಡಗಿಮನಿ ಕಿಡಕ್ಯಾಗ, ಉಪ್ಪಿನ ಪಿಂಗಾಣಿ ಜಾಡಿ ಖಾಲಿ ಇತ್ತು, ಅದರಾಗ ಹಾಕಿ ಇಟಕೊಂಡೀನಿ. ಚಾ ಕುಡಿಯೂವಾಗ ನೋಡತೀನಿ. ನೀರು ವಾರಾ ಬದಲಿಸೀನಿ. ಅದು ಇನ್ನೂ ಗುಲಾಬಿನ ಐತಿ. ಜೀವ ಐತೋ ಇಲ್ಲೋ ನನಗ ತಿಳಿಯಂಗಿಲ್ಲ. ಕೇಳಾಕ ಮಾರಿ ಇರಲಿಲ್ಲ.

ದಾಕ್ಷಾಯಿಣಿ


ಮಾಲವಣ
25 ಜೂನ್ 2025

ಅತ್ತೆ,

ನಿಮ್ಮ ಪತ್ರ ಬಂದ ದಿನ ಒಂದು ಉತ್ತರದ ಕರಡು ಬರೆದೆ. ಅದು ಒಳ್ಳೆಯ ಪತ್ರವಲ್ಲ. “ನೀವು ಒಂದು ಮಾತು ಕೇಳಬಹುದಿತ್ತು” ಎಂದು ಅದರಲ್ಲಿ ಎರಡು ಕಡೆ ಬರೆದಿದ್ದೆ. ವಿನೋದ್‌ಗೆ ತಿದ್ದಲು ಕೊಟ್ಟೆ. ಅವರು ಒಂದು ಅಕ್ಷರವನ್ನೂ ತಿದ್ದದೆ, ನೋಟ್‌ಬುಕ್ಕಿನ ಹಿಂದಿನ ಹಾಳೆಗಳನ್ನು ತಿರುಗಿಸಿ ನನ್ನ ಮುಂದೆ ಇಟ್ಟರು. ಏಪ್ರಿಲ್ ಆರನೇ ತಾರೀಕಿನ ಕರಡು. “ಪಾತ್ರೆ ಯಾವುದಾದರೂ ಸರಿ, ಪಾತ್ರೆಯ ವಿಷಯ ನಿಮಗೆ ನಾನು ಹೇಳುವುದೇ!” ಕೊನೆಯಲ್ಲಿ ಆ ಆಶ್ಚರ್ಯದ ಗುರುತು ಬೇರೆ.

ತಾಮ್ರ ಸೋಕಿದರೆ ಪಾಚಿ ಸಾಯುತ್ತದೆ ಎಂದು ಎಂ.ಎಸ್ಸಿ ಮೊದಲ ವರ್ಷದಲ್ಲೇ ಓದಿದ್ದೇನೆ. ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ತೆಗೆದುಕೊಂಡಿದ್ದೇನೆ. ತಾಮ್ರದ ಪಾತ್ರೆ ಮಾರುವವರ ಮನೆಗೆ ಪಾಚಿ ಕೊಟ್ಟು, ಅದೊಂದನ್ನು ಹೇಳದೆ ಬಸ್ಸು ಹತ್ತಿದೆ. ನೀವು ಹಸಿರು ಎಂದು ಬರೆದಾಗಲೂ ಯಾವ ಪಾತ್ರೆ ಎಂದು ಕೇಳಲಿಲ್ಲ, ನಗುತ್ತಾ ಕೂತಿದ್ದೆ.

ಅತ್ತೆ, ನನ್ನ ಆ ಪತ್ರ ನಿಮ್ಮ ಹತ್ತಿರವೇ ಇದೆ. ಆ ಒಂದು ಸಾಲು ತೋರಿಸಿದ್ದರೆ ತಪ್ಪು ನನ್ನದೆಂದು ಎಲ್ಲರಿಗೂ ತಿಳಿಯುತ್ತಿತ್ತು. ನಾಲ್ಕು ಸಲ ಬರೆದು ಹರಿದ ಪತ್ರಗಳಲ್ಲಾದರೂ ಅದನ್ನು ಬರೆದಿದ್ದಿರೋ ಇಲ್ಲವೋ, ನನಗೆ ಬಂದದ್ದರಲ್ಲಿ ಇರಲಿಲ್ಲ. ನಾನೂ ಒಂದು ವಿಷಯ ಮುಚ್ಚಿಟ್ಟಿದ್ದೆ. ನನಗೆ ಸಂಬಳ ಇಲ್ಲ. ನಿಮಗೆ ಅಕ್ಟೋಬರಿನಿಂದಲೂ ಗೊತ್ತು. ಆದರೂ ನನ್ನ ಬಾಯಿಂದ ಬರಲಿ ಎಂದು ಬರೆಯುತ್ತಿದ್ದೇನೆ.

ಆ ಜಾಡಿಯನ್ನು ಅಲುಗಿಸಬೇಡಿ. ನೀರು ಬದಲಿಸಬೇಡಿ. ಗುಲಾಬಿ ಇದೆ ಎಂದರೆ ಜೀವ ಇದೆ. ಶನಿವಾರ ನಾವಿಬ್ಬರೂ ಬರುತ್ತಿದ್ದೇವೆ. ಉಪ್ಪಿನ ಜಾಡಿ ಇನ್ನೊಂದು ಕೊಂಡಿಟ್ಟುಕೊಳ್ಳಿ, ಅದನ್ನು ಹಾಗೇ ತರುತ್ತೇನೆ.

ಪ್ರತಿಭಾ


ಮಾಲವಣ
17 ಆಗಸ್ಟ್ 2025

ನನ್ನ ಪ್ರೀತಿಯ, ಪ್ರೀತಿಯ ಅತ್ತೆ,

ನಿಮ್ಮ ಜಾಡಿ ತೊಡೆಯ ಮೇಲೆ ಇಟ್ಟುಕೊಂಡು ಬಸ್ಸಿನಲ್ಲಿ ಬಂದಾಗಿನಿಂದ ಬರೆಯಲಿಲ್ಲ. ಬೇಕೆಂದೇ. ಏನಾದರೂ ಹೇಳುವಂಥದ್ದು ಆಗಲಿ ಎಂದು ಕಾದೆ.

ಆಯಿತು!

ಚಿಪ್ಪನ್ನು ಗಾಜಿನ ತೊಟ್ಟಿಯಲ್ಲಿಟ್ಟು ದಿನಕ್ಕಿಷ್ಟು ತಣ್ಣನೆಯ ಸಮುದ್ರದ ನೀರು ಹಾಕುತ್ತಿದ್ದೆ. ಜುಲೈ ನಡುವಿನಲ್ಲಿ ಒಂದು ಬೆಳಿಗ್ಗೆ ತೊಟ್ಟಿಯ ನೀರಿನ ಒಂದು ಹನಿಯನ್ನು ಮೈಕ್ರೋಸ್ಕೋಪಿನ ಕೆಳಗೆ ಇಟ್ಟೆ. ದುಂಡಗಿನ ಕೆಂಪು ಕಣಗಳು. ಒಂದು ಹನಿಯಲ್ಲಿ ಎಣಿಸಿ ಮುಗಿಯದಷ್ಟು. ಮೇಡಂ ನೋಡಿ ನನ್ನ ಭುಜ ಹಿಡಿದುಕೊಂಡರು. ತೊಟ್ಟಿಯಲ್ಲಿ ನಾರಿನ ಹಗ್ಗದ ತುಂಡುಗಳನ್ನು ಮುಳುಗಿಸಿ, ಎರಡು ದಿನ ಬಿಟ್ಟು ಒಯ್ದು ಜೆಟ್ಟಿಯ ಹೊಸ ಕಲ್ಲುಗಳಿಗೆ ಕಟ್ಟಿದೆವು. ವಿನೋದ್ ಬ್ಯಾಂಕಿನ ಬಟ್ಟೆಯಲ್ಲೇ ನೀರಿಗೆ ಇಳಿದರು. ಆಮೇಲೆ ವಾರಗಟ್ಟಲೆ ಏನೂ ಇಲ್ಲ. ಸಮುದ್ರ ಎಲ್ಲ ಕಿತ್ತುಕೊಂಡು ಹೋಯಿತು ಎಂದುಕೊಂಡೆ.

ನಿನ್ನೆ ಮಾವಶಿ ದೂರದಿಂದಲೇ ಬೈಯುತ್ತಾ ಬಂದರು. ಸೊಂಟ ಹಿಡಿದುಕೊಂಡಿದ್ದರು. “ನಿನ್ನ ಪೀಡೆ ಮತ್ತೆ ಬಂದಿದೆ! ಹೊಸ ಕಲ್ಲಿನ ಮೇಲೆ ಜಾರಿಬಿದ್ದೆ!” ನಾನು ಅವರನ್ನು ಅಪ್ಪಿಕೊಂಡು ಕುಣಿದೆ. ಅವರಿಗೆ ಪೆಟ್ಟಾಗಿಲ್ಲ ತಾನೇ ಎಂದು ಕೇಳಿದ್ದು ಆಮೇಲೆ. (ಆಗಿಲ್ಲ.) ಓಡಿ ಹೋಗಿ ನೋಡಿದೆ. ಹಗ್ಗದ ಮೇಲೆ ಬೆರಳುದ್ದದ ಎಲೆಗಳು. ಹಗ್ಗ ಬಿಟ್ಟು ಪಕ್ಕದ ಕಲ್ಲಿನ ಮೇಲೂ ರೆಪ್ಪೆಕೂದಲಷ್ಟು ಉದ್ದದವು, ನೂರಾರು. ಕರಿಬಂಡೆಯನ್ನು ಹೂತ ಕಲ್ಲುಗಳ ಮೇಲೇ!

ಇಷ್ಟೂ ನೀವು ಕದ್ದ ಒಂದು ಚಿಪ್ಪಿನಿಂದ.

ಈ ಪತ್ರದ ಜೊತೆ ದಪ್ಪ ಕಾಗದದಲ್ಲಿ ಸುತ್ತಿದ ಒಂದು ಎಲೆ ಇಟ್ಟಿದ್ದೇನೆ, ಒಣಗಿಸಿದ್ದು. ಇದರಲ್ಲಿ ಈಗ ಜೀವವಿಲ್ಲ, ಆದರೆ ರೂಪ ಇದೆ. ಉಪ್ಪುನೀರಿನಲ್ಲಿ ಬಿಟ್ಟು ನೋಡಿ. ಯಾವ ಪಾತ್ರೆ ಎಂದು ಮಾತ್ರ ನಾನು ಹೇಳುವುದಿಲ್ಲ.

ನಿಮ್ಮ
ಪ್ರತಿಭಾ


ಶಿರಸಿ
28 ಆಗಸ್ಟ್ 2025

ಪ್ರತಿಭಾ,

ಗಾಜಿನ ಬಟ್ಟಲದಾಗ ಬಿಟ್ಟೆ. ಗಲ್ಲಾಪೆಟ್ಟಿಗಿ ಪಕ್ಕ ಇಟ್ಟೀನಿ. ಮೊದಲು ಕರಿಹಾಳಿ ಚೂರಿನಂಗ ಮುದುಡಿಕೊಂಡು ಕುಂತಿತ್ತು. ಗಿರಾಕಿಗೆ ಒಂದು ತಂಬಗಿ ತೋರಿಸಿ ತಿರುಗೂದ್ರಾಗ ಅರಳಿತ್ತು. ನೀ ರೇಷ್ಮಿ ಅಂತ ಬರದಾಗ ಹುಡುಗಿ ಮಾತು ಹೆಚ್ಚಿಗಿ ಮಾಡತೈತಿ ಅಂದಕೊಂಡಿದ್ದೆ. ಕಡಿಮಿನ ಬರದಿದ್ದಿ. ರೇಷ್ಮಿಗೆ ಇಷ್ಟು ಬೆಳಕು ಹಾಯಂಗಿಲ್ಲ. ಬಟ್ಟಲದ ಹಿಂದ ಕೈ ಇಟ್ರ ಗೆರಿ ಕಾಣತಾವ.

ಹೇರೂರಿನಾಕಿ ಒಬ್ಬಾಕಿ ಹಂಡೆ ಕೊಳ್ಳಾಕ ಬಂದಾಕಿ ಅದನ್ನ ನೋಡಿ, “ಎಂತದೇ ಅದು? ಎಷ್ಟು ಇದಕ್ಕೆ?” ಅಂದಳು. ಮಾರಾಕಲ್ಲ, ನಮ್ಮ ಸೊಸಿ ಬೆಳದದ್ದು ಅಂದೆ. ನಿಮ್ಮ ಮಾವ ಪೇಪರಿನ ಹಿಂದಿಂದ, “ಅದರಾಗ ನಮ್ಮದೂ ಪಾಲೈತಿ” ಅಂದ್ರು. ಬಾಯಿ ಮುಚ್ಚಿಕೊಂಡು ಇದ್ದಿದ್ದ ಅವರ ಪಾಲು.

ಆ ಎರಡು ಬೋಗುಣಿ ಕಿಲುಬು ಹಿಡಿದದ್ದು ಹಂಗ ಅದಾವ. ಕಲ್ಲವ್ವ ತಿಕ್ಕತೀನಿ ಅಂತ ದಿನಾ ಕೇಳತಾಳ. ಬ್ಯಾಡ ಅಂದೀನಿ. ಒಂದನ್ನ ಅಂಗಡಿ ಮುಂದ ಇಟ್ಟೀನಿ. ಹೊಳಿಯದ ಪಾತ್ರಿ ಹೊರಗ ಇಟ್ಟಿದ್ದು ಇದ ಮೊದಲು. ಉಪ್ಪಿನ ಮಾತು ಹೇಳೂವಾಗ ಗಿರಾಕಿಗೆ ಅದನ್ನ ತೋರಿಸತೀನಿ.

ಹುಬ್ಬಳ್ಳಿಯಿಂದ ಅಗಲ ಬಾಯಿದು ಗಾಜಿನ ಪಾತ್ರಿ ಆರು ತರಿಸೀನಿ. ಉಗ್ರಾಣದ ಕಿಡಕಿಗೆ ತೆಳ್ಳಂದು ಪರದೆ ಹೊಲಿಸೀನಿ. ಈ ಸಲ ಎಲಿ ಅಂಚು ಕರಗೂದನ್ನ ನೋಡಿ ಚಿಪ್ಪು ಸಾಕಷ್ಟು ಹರವು. ಮುಂದಿನ ಯುಗಾದಿಗೆ ಬರೂವಾಗ ತಗೊಂಡು ಬಾ, ಅವು ಬ್ಯಾಸಗಿ ಇಲ್ಲೇ ಕಳೀಲಿ.

ಎಣಿಸಿ ಕೊಡು. ಒಂದು ನನ್ನದು.

ನಿನ್ನ ಅತ್ತಿ